ಖಾಲಿ ಇಟ್ಟ ಮೂರನೇ ಕೋಣೆ

ಆಪ್ತಸಮಾಲೋಚನೆಗೆಂದು ನನ್ನ ಬಳಿ ಬಂದ ಒಂದು ಕುಟುಂಬದ ಪ್ರಕರಣ ಇದು. ಬರೆಯಲು ಅವರ ಒಪ್ಪಿಗೆ ಇದೆ. ಗುರುತು ಹತ್ತುವಂಥ ವಿವರಗಳನ್ನು ಬದಲಿಸಿದ್ದೇನೆ, ಊರಿನ ಹೆಸರು ಬಿಟ್ಟಿದ್ದೇನೆ. ಪ್ರವಾಸಿಗರನ್ನೇ ನಂಬಿ ಬದುಕುವ ಯಾವ ಕಡಲತೀರದ ಊರಿನಲ್ಲಾದರೂ ಇದು ನಡೆಯಬಹುದು.

ಮೊದಲು ಬಂದವರು ಹೆಂಡತಿ. ಗಂಡ ಹೆಂಡತಿ ಸೇರಿ 26 ವರ್ಷದಿಂದ ದಂಡೆಯ ಹತ್ತಿರ 8 ಕೋಣೆಗಳ ವಸತಿಗೃಹ ನಡೆಸುತ್ತಿದ್ದಾರೆ. "ಇವರಿಗೆ ಬಂದವರ ಮೇಲೆಲ್ಲ ಸಿಡುಕು. ರಾತ್ರಿ ಎರಡಕ್ಕೆ ಎದ್ದು ಫೋನ್ ಹಿಡಿದು ಕೂರುತ್ತಾರೆ. ಮಗಳು ಏನಾದರೂ ಹೇಳಿದರೆ ಎದ್ದು ಹೊರಗೆ ಹೋಗಿಬಿಡುತ್ತಾರೆ. ಜನ ಬರುತ್ತಿಲ್ಲ ಅಂತಲ್ಲ, ಬರುತ್ತಿದ್ದಾರೆ. ಇವರಿಗೇ ಬಂದವರು ಬೇಡ."

ಕೊನೆಯ ಮಾತನ್ನು ಹಾಗೇ ಬರೆದಿಟ್ಟುಕೊಂಡೆ. ವ್ಯಾಪಾರ ಬಿದ್ದವರು ನನ್ನ ಬಳಿ ಬಂದಿದ್ದಾರೆ, ಸಾಲದಲ್ಲಿ ಮುಳುಗಿದವರೂ ಬಂದಿದ್ದಾರೆ. ಗಿರಾಕಿ ಇದ್ದೂ ಬೇಡವೆನ್ನುವವರ ಸಂಕಟ ಬೇರೆ. ಅದನ್ನು ಲೆಕ್ಕದ ಪುಸ್ತಕದಲ್ಲಿ ಹುಡುಕಿದರೆ ಸಿಗುವುದಿಲ್ಲ.

ಮುಂದಿನ ವಾರ ಯಜಮಾನರು ಬಂದರು. ಒಲ್ಲದ ಮನಸ್ಸಿನಿಂದ ಬಂದಿದ್ದರು, ಕುರ್ಚಿಯ ತುದಿಯಲ್ಲಿ ಕೂತರು. ಹಳೆಯ ಅತಿಥಿಗಳ ಬಗ್ಗೆ ಕೇಳಿದ್ದೇ ತಡ, ಮುಖದ ಬಿಗಿ ಸಡಿಲಾಯಿತು. ಚಳಿ ದೇಶಗಳಿಂದ ಬರುತ್ತಿದ್ದ ನಿವೃತ್ತರು. ಬಂದರೆ ನಾಲ್ಕೋ ಆರೋ ವಾರ ಇರುತ್ತಿದ್ದರು. ಪ್ರತಿ ವರ್ಷ ಅದೇ ಕೋಣೆ, ಅದೇ ಕುರ್ಚಿ, ಹೊರಡುವ ದಿನವೇ ಮುಂದಿನ ವರ್ಷದ ತಾರೀಖು. ಮಗಳು ತೊಟ್ಟಿಲಲ್ಲಿದ್ದಾಗಿಂದ ಅವಳನ್ನು ಬಲ್ಲವರು. ಈಗ ಬರುವವರು ಶುಕ್ರವಾರ ಸಂಜೆ ಬಂದು ಭಾನುವಾರ ಮಧ್ಯಾಹ್ನ ಹೊರಡುವ ಹುಡುಗ ಹುಡುಗಿಯರ ಗುಂಪುಗಳು, ಇಲ್ಲವೇ ಅಜ್ಜಿಯಿಂದ ಮೊಮ್ಮಗುವಿನವರೆಗೆ ಒಂದೇ ಗಾಡಿಯಲ್ಲಿ ಬಂದಿಳಿಯುವ ಕುಟುಂಬಗಳು. ಕಾದಿರಿಸುವುದು ಫೋನಿನಲ್ಲಿ, ಹಣ ಕೊಡುವುದೂ ಫೋನಿನಲ್ಲಿ. "ಹೆಸರು ಹೇಳುವ ಮೊದಲು ವೈಫೈ ಪಾಸ್‌ವರ್ಡ್ ಕೇಳುತ್ತಾರೆ. ಇವರು ಬರುವುದು ಸಮುದ್ರಕ್ಕೆ, ನಮ್ಮ ಮನೆಗಲ್ಲ" ಎಂದರು.

ಇಂಥ ಕಡೆ ಮನ ಕರಗಿ ಕೇಳುತ್ತ ಕೂತುಬಿಡುವ ಅಪಾಯ ಇದೆ. ಆದ್ದರಿಂದ ಮೊದಲ ಭೇಟಿಯಲ್ಲೇ ಖಿನ್ನತೆ ಅಳೆಯುವ ಪಿಎಚ್‌ಕ್ಯೂ-9 ಪ್ರಶ್ನಾವಳಿ ಕೊಟ್ಟೆ. ಕಳೆದ ಎರಡು ವಾರಗಳ ಬಗ್ಗೆ 9 ಪ್ರಶ್ನೆ ಇರುತ್ತವೆ, ಒಂಬತ್ತನೆಯದು ಸಾಯುವ ಯೋಚನೆಗೆ ಸಂಬಂಧಿಸಿದ್ದು. ಅದನ್ನು ಬಾಯಿಬಿಟ್ಟೂ ಕೇಳಿದೆ. ಅಂಥ ಯೋಚನೆ ಇರಲಿಲ್ಲ. ಅಂಕ ಮಧ್ಯಮ ಮಟ್ಟದಲ್ಲಿತ್ತು. ನಿದ್ದೆಗೂ ರಕ್ತದೊತ್ತಡಕ್ಕೂ ವೈದ್ಯರನ್ನು ಕಾಣಲು ಹೇಳಿದೆ, ಹೋದರು.

ಮೂರನೇ ಭೇಟಿಗೆ ಮಗಳೂ ಬಂದಳು. ಅವಳ ಬಳಿ ಯೋಜನೆ ಸಿದ್ಧವಿತ್ತು: ಬ್ಯಾಂಕ್ ಸಾಲ ತೆಗೆದು ಎಂಟೂ ಕೋಣೆಗಳನ್ನು ಫೋಟೋಗೆ ಒಪ್ಪುವಂತೆ ಮಾಡುವುದು, ಮೇಲೊಂದು ಮಾಳಿಗೆ ಕಟ್ಟುವುದು. ಅಪ್ಪ "ಮಾರಿಬಿಡೋಣ" ಎಂದರು. ಮಾತು ಏರಿತು. ಆಗ ಮಗಳು ಸಿಟ್ಟಿನಲ್ಲಿ ಹೇಳಿದಳು: "ಎರಡು ವರ್ಷದಿಂದ ಸೀಸನ್ನಿನಲ್ಲಿ ಮೂರನೇ ಕೋಣೆಗೆ ಬೀಗ. ಯಾರಿಗೂ ಕೊಡುವುದಿಲ್ಲ. ಬಾರದವರಿಗಾಗಿ ಇಟ್ಟಿದ್ದಾರೆ."

ಯಜಮಾನರು ಉತ್ತರ ಕೊಡಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ನಿಧಾನವಾಗಿ ಬಿಡಿಸಿ ಹೇಳಿದರು. 19 ವರ್ಷ ಬಿಡದೆ ಬಂದ ದಂಪತಿಯ ಕೋಣೆ ಅದು. ಬಾಗಿಲ ಹಿಂದೆ ಆ ಮನುಷ್ಯ ಬಿಟ್ಟುಹೋದ ಊರುಗೋಲು ಇದೆ, ತುದಿಯ ರಬ್ಬರು ಸವೆದು ಒಂದು ಕಡೆಗೆ ವಾಲಿದ್ದು. ಅದನ್ನು ತೆಗೆಯಲು ಕೈ ಬಂದಿಲ್ಲ. "ಅವರು ಬಂದು ನೋಡಿದಾಗ ಕೋಣೆ ಇಲ್ಲ ಅಂದರೆ ಹೇಗೆ?" ಎನ್ನುತ್ತ ಅತ್ತರು. 26 ವರ್ಷದಲ್ಲಿ ಅಪ್ಪ ಅತ್ತದ್ದನ್ನು ಮಗಳು ನೋಡಿರಲಿಲ್ಲ.

ಇದು ಅಗಲಿಕೆಯ ದುಃಖ. ಸತ್ತ ಸುದ್ದಿ ಇಲ್ಲ, ವಿದಾಯ ಇಲ್ಲ, ಬರುವುದು ನಿಂತಿತು, ಅಷ್ಟೆ. ಹೀಗೆ ಅರ್ಧಕ್ಕೆ ನಿಂತ ಅಗಲಿಕೆಯಲ್ಲಿ ಮನಸ್ಸು ತಪ್ಪನ್ನು ತನ್ನ ಮೈಮೇಲೇ ಎಳೆದುಕೊಳ್ಳುತ್ತದೆ. ಅವರೂ ಅದನ್ನೇ ಮಾಡುತ್ತಿದ್ದರು. ನಾನೇನು ಕಡಿಮೆ ಮಾಡಿದೆ? ಆ ವರ್ಷ ಹಾಸಿಗೆ ಬದಲಿಸಲಿಲ್ಲ, ಅದಕ್ಕೇ ಇರಬಹುದೇ? ಪಕ್ಕದವರ ಸ್ಪೀಕರ್ ಸದ್ದಿಗೆ ಬೇಸತ್ತರೇ? ಹೊಸಬರ ಮೇಲಿನ ಸಿಡುಕಿನ ಬೇರು ಇಲ್ಲಿತ್ತು. ಇವರನ್ನು ಒಪ್ಪಿಕೊಂಡರೆ ಅವರು ಇನ್ನು ಬರುವುದಿಲ್ಲವೆಂದು ತಾನೇ ಒಪ್ಪಿಕೊಂಡ ಹಾಗೆ.

ಒಂದು ಹಾಳೆಯ ನಡುವೆ ಗೆರೆ ಎಳೆದು, ಎಡಕ್ಕೆ "ನನ್ನ ಕೈಯಲ್ಲಿದ್ದದ್ದು", ಬಲಕ್ಕೆ "ನನ್ನ ಕೈಯಲ್ಲಿಲ್ಲದ್ದು" ಎಂದು ಬರೆಯಲು ಹೇಳಿದೆ. ಎಡಗಡೆ ಬೇಗ ತುಂಬಿತು. ಬಲಗಡೆ ಬರೆಯಲು ಅವರಿಗೆ ತೋಚಲಿಲ್ಲ, ಅಲ್ಲಿ ನಾನು ನೆರವಾದೆ. ಆ ಅತಿಥಿಗಳು 60ರಲ್ಲಿ ಬರಲು ಶುರು ಮಾಡಿ ಈಗ 80ರ ಆಸುಪಾಸಿನಲ್ಲಿದ್ದಾರೆ. ವಯಸ್ಸಾದಂತೆ ಪ್ರಯಾಣ ವಿಮೆ ದುಬಾರಿಯಾಗುತ್ತದೆ, ಕಾಯಿಲೆ ಇದ್ದರೆ ಸಿಗುವುದೂ ಕಷ್ಟ. ನೇರ ವಿಮಾನ ನಿಂತರೆ ಮಂಡಿ ನೋವಿನವರು ಎರಡು ಕಡೆ ಇಳಿದು ಹತ್ತಲಾರರು.

ಬೇರೆ ಕಡಲತೀರಗಳ ಕಥೆಯನ್ನೂ ಹೇಳಿದೆ. ಇಂಗ್ಲೆಂಡಿನ ಸಮುದ್ರತೀರದ ಊರುಗಳಲ್ಲಿ ತಲೆಮಾರುಗಳಿಂದ ವಸತಿಗೃಹ ನಡೆಸಿದವರ ಗಿರಾಕಿಗಳು 1960, 70ರ ದಶಕಗಳಲ್ಲಿ ಅಗ್ಗದ ವಿಮಾನ ಹತ್ತಿ ಸ್ಪೇನಿನ ಬಿಸಿಲಿಗೆ ಹೋದರು. ಅದು ಆ ಮನೆಯೊಡತಿಯರ ತಪ್ಪಾಗಿರಲಿಲ್ಲ. ಟರ್ಕಿಯ ಅಂತಲ್ಯದಂಥ ತೀರಗಳಲ್ಲಿ ಅಂಗಡಿಯವರು ರಷ್ಯನ್ ಕಲಿತು ರಷ್ಯನ್ ಬೋರ್ಡು ಹಾಕಿಕೊಂಡಿದ್ದರು. 2015ರ ನವೆಂಬರಿನಲ್ಲಿ ಟರ್ಕಿ ರಷ್ಯಾದ ಯುದ್ಧವಿಮಾನ ಹೊಡೆದುರುಳಿಸಿತು, ರಷ್ಯಾ ಚಾರ್ಟರ್ ವಿಮಾನಗಳನ್ನು ನಿಲ್ಲಿಸಿತು. 2015ರಲ್ಲಿ ಸುಮಾರು 36 ಲಕ್ಷವಿದ್ದ ಟರ್ಕಿಯ ರಷ್ಯನ್ ಪ್ರವಾಸಿಗರ ಸಂಖ್ಯೆ 2016ರಲ್ಲಿ 9 ಲಕ್ಷಕ್ಕಿಂತ ಕೆಳಗಿಳಿಯಿತು, 2017ರಲ್ಲಿ ಮತ್ತೆ 45 ಲಕ್ಷ ದಾಟಿತು. ಅಂಗಡಿಯವನು ಮಾತ್ರ ಅದೇ ಗಲ್ಲಾಪೆಟ್ಟಿಗೆಯ ಮುಂದೆ ಅದೇ ಮನುಷ್ಯನಾಗಿ ಕೂತಿದ್ದ. ರಿಚರ್ಡ್ ಬಟ್ಲರ್ ಎಂಬ ಭೂಗೋಳಶಾಸ್ತ್ರಜ್ಞರು 1980ರಲ್ಲಿ ಬರೆದ ಪ್ರಬಂಧದಲ್ಲಿ ಪ್ರವಾಸಿ ತಾಣಕ್ಕೂ ಒಂದು ಆಯುಷ್ಯಚಕ್ರ ಇದೆ ಎಂದು ತೋರಿಸಿದ್ದರು. ಮೊದಲು ಹುಡುಕಿಕೊಂಡು ಬರುವ ಕೆಲವರು, ಆಮೇಲೆ ಸ್ಥಳೀಯರ ತೊಡಗುವಿಕೆ, ಬೆಳವಣಿಗೆ, ಗಟ್ಟಿಗೊಳ್ಳುವಿಕೆ, ನಿಂತ ನೀರಾಗುವ ಹಂತ. ಅಲ್ಲಿಂದ ಮುಂದೆ ಇಳಿಯಬಹುದು, ಮತ್ತೆ ಚಿಗುರಲೂಬಹುದು. ಯಾವ ಹಂತದಲ್ಲಿ ಯಾರು ಬರುತ್ತಾರೆ ಎಂಬುದು ಬದಲಾಗುತ್ತಲೇ ಇರುತ್ತದೆ.

ಯಜಮಾನರು ಟರ್ಕಿಯ ಕಥೆಯನ್ನು ಎರಡು ಸಲ ಹೇಳಿಸಿಕೊಂಡರು. ಆಮೇಲೆ ಬಲಗಡೆ ತಾವೇ ನಾಲ್ಕು ಸಾಲು ಬರೆದರು.

ಆ ದಂಪತಿಗೆ ಪತ್ರ ಬರೆಯಿರಿ ಎಂದೆ. "ಬನ್ನಿ" ಎಂದು ಕರೆಯಲು ಅಲ್ಲ, ಅವರ ಬರುವಿಕೆಯಿಂದ ನಿಮಗೆ ಏನು ಸಿಕ್ಕಿತು ಎಂದು ಹೇಳಲು. ಅದಕ್ಕೆ ಹತ್ತು ದಿನ ತೆಗೆದುಕೊಂಡರು.

ಇನ್ನು ನನ್ನಿಂದ ಆದ ಒಂದು ಲೋಪ. ಎರಡು ಭೇಟಿಗಳ ತನಕ ನನ್ನ ಗಮನವೆಲ್ಲ ಯಜಮಾನರ ಮೇಲಿತ್ತು. ಮೂರನೇ ಭೇಟಿಯ ಕೊನೆಗೆ ಹೆಂಡತಿ ಏಳುವಾಗ ಸೊಂಟ ಹಿಡಿದುಕೊಂಡದ್ದು ಕಂಡಿತು. ಕೇಳಿದೆ. ಆಗ ಹೊರಬಂದ ಲೆಕ್ಕವನ್ನು ನಾನು ಮೊದಲೇ ಕೇಳಬೇಕಿತ್ತು. ಹಳೆಯ ಅತಿಥಿ 30 ರಾತ್ರಿ ಇದ್ದರೆ ವಾರಕ್ಕೊಮ್ಮೆ ಹಾಸು ಬದಲಿಸಿದರೆ ಸಾಕಾಗುತ್ತಿತ್ತು. ಎರಡೆರಡು ರಾತ್ರಿಯವರಾದರೆ ಅದೇ 30 ರಾತ್ರಿಗೆ 15 ಸಲ ಕೋಣೆ ತೊಳೆಯಬೇಕು, 15 ಸಲ ಹಾಸಿಗೆ, ಟವೆಲು, ಬಚ್ಚಲು, ಮರಳು. ಅದೂ ಎಲ್ಲವೂ ಭಾನುವಾರ ಮಧ್ಯಾಹ್ನ ಒಟ್ಟಿಗೆ. ಗಿರಾಕಿಯ ಬಗೆ ಬದಲಾದದ್ದರ ಭಾರ ಬಿದ್ದದ್ದು ಇವರ ಸೊಂಟದ ಮೇಲೆ. ಗಂಡನಿಗೆ ಹೊಸಬರು ಬೇಡವಾಗಿದ್ದರು, ಮಗಳಿಗೆ ಇನ್ನಷ್ಟು ಬೇಕಾಗಿತ್ತು. ಬಟ್ಟೆ ಒಗೆಯುವವರನ್ನು ಇಬ್ಬರೂ ಕೇಳಿರಲಿಲ್ಲ. ಆದಾಯ ಅಷ್ಟೇ ಇದ್ದರೂ ಉಳಿತಾಯ ಕರಗಿದ್ದಕ್ಕೂ ಇದೇ ಕಾರಣ: ಒಗೆತ, ನೀರು, ಕರೆಂಟು, ಜೊತೆಗೆ ಕಾದಿರಿಸುವ ಆ್ಯಪ್‌ಗಳು ಹಿಡಿಯುವ ಶೇ. 15ರ ಆಸುಪಾಸಿನ ಕಮಿಷನ್.

ವ್ಯಾಪಾರದ ಸಲಹೆ ನನ್ನ ವಿದ್ಯೆಯಲ್ಲ. ಅದಕ್ಕೆ ಲೆಕ್ಕಿಗರ ಬಳಿ ಹೋಗಲು ಹೇಳಿದೆ. ನನ್ನ ಕೆಲಸ ಸಿಟ್ಟಿನಲ್ಲೂ ದುಃಖದಲ್ಲೂ ತೀರ್ಮಾನ ಆಗದಂತೆ ನೋಡಿಕೊಳ್ಳುವುದು. ಆದ್ದರಿಂದ ಮೊದಲ ಕರಾರು: ಒಂದು ಪೂರ್ತಿ ಸೀಸನ್ ಮುಗಿಯುವ ತನಕ ಮಾರುವುದೂ ಇಲ್ಲ, ಸಾಲ ಮಾಡುವುದೂ ಇಲ್ಲ. ಮಗಳಿಗೆ ಇದು ರುಚಿಸಲಿಲ್ಲ, ಆದರೂ ಒಪ್ಪಿದಳು.

ಎರಡನೆಯದು, ಒಂದು ನೋಟ್‌ಬುಕ್. ಮೂರು ವಾರ ಬಂದವರನ್ನೆಲ್ಲ ಗಮನಿಸಿ ಬರೆಯಬೇಕು: ಯಾರು, ಎಷ್ಟು ರಾತ್ರಿ, ಏನು ಕೇಳಿದರು, ಕೇಳಿದ್ದರಲ್ಲಿ ಯಾವುದು ನಮ್ಮಲ್ಲಿ ಇರಲಿಲ್ಲ. ಬರೆಯುವವರು ಯಜಮಾನರೇ ಆಗಬೇಕು ಎಂದು ಹಟ ಹಿಡಿದೆ. ದೂರದಿಂದ "ಈಗಿನವರು" ಎಂದು ಒಟ್ಟಿಗೆ ಬೈದುಕೊಳ್ಳುವುದು ಸುಲಭ. ಒಬ್ಬೊಬ್ಬರ ಬಗ್ಗೆ ಬರೆಯಬೇಕಾದರೆ ಒಬ್ಬೊಬ್ಬರನ್ನು ನೋಡಲೇಬೇಕು.

ಅವರು ತಂದ ಪುಸ್ತಕ ಓದಿ ನನಗೆ ಬಹಳ ಸಂತೋಷವಾಯಿತು. ಮೊದಲ ಪುಟಗಳಲ್ಲಿ ದೂರು. ಎರಡನೇ ವಾರಕ್ಕೆ ಬರವಣಿಗೆ ಬದಲಾಗಿದೆ. "ಬೆಳಿಗ್ಗೆ 7ಕ್ಕೇ ಬಂದರು, ಕೋಣೆ 12ಕ್ಕೆ. ಮಗು ಮಡಿಲಲ್ಲಿ ಮಲಗಿತ್ತು, ಕೂರಲು ನೆರಳಿರಲಿಲ್ಲ." "ಅಜ್ಜಿಗೆ ಮೂರು ಮೆಟ್ಟಿಲು ಹತ್ತಲು ಆಸರೆ ಇಲ್ಲ, ಮೊಮ್ಮಗ ಎತ್ತಿಕೊಂಡ." "ಈ ಹುಡುಗಿ ಲ್ಯಾಪ್‌ಟಾಪ್ ಮಂಚದ ಮೇಲಿಟ್ಟು ನೆಲದಲ್ಲಿ ಕೂತು ಕೆಲಸ ಮಾಡುತ್ತಾಳೆ. ಮೇಜು ಕೇಳಿದಳು. ಸ್ಟೋರಿನಲ್ಲಿದ್ದದ್ದು ಕೊಟ್ಟೆ. ಇನ್ನೂ ನಾಲ್ಕು ದಿನ ಇರುತ್ತೇನೆ ಅಂದಳು."

ಆ ಕೊನೆಯ ಸಾಲಿನ ಮೇಲೆ ನಾವು ಒಂದಿಡೀ ಭೇಟಿ ಕಳೆದೆವು. 2020ರ ನಂತರ ಎಲ್ಲಿಂದಲಾದರೂ ಕೆಲಸ ಮಾಡುವವರು ಹೆಚ್ಚಿದ್ದಾರೆ. ಬಾರ್ಬಡೋಸ್ ದ್ವೀಪ 2020ರಲ್ಲೇ ಅಂಥವರಿಗಾಗಿ 12 ತಿಂಗಳು ಇರಲು ಬಿಡುವ ವೀಸಾ ತಂದಿತು. ವಾರಗಟ್ಟಲೆ ತಂಗುವವರನ್ನು ಕಂಡರೆ ಇವರಿಗೆ ಇಷ್ಟ, ಹೆಂಡತಿಯ ಸೊಂಟಕ್ಕೂ ಅದೇ ಹಿತ. ಆ ಬಗೆಯವರು ಬೇರೆ ವಯಸ್ಸಿನಲ್ಲಿ ಸಿಗಬಹುದೇನೋ ಎಂದು ಅವರೇ ಹೇಳಿದರು. ಇಡೀ ವಸತಿಗೃಹವನ್ನು ಅದಕ್ಕೆ ಒಡ್ಡಬೇಡಿ, ಎರಡೇ ಕೋಣೆಯಲ್ಲಿ ನೋಡಿ ಎಂದೆ. ಮೇಜು, ಬೆನ್ನಿಗೆ ಒರಗುವ ಕುರ್ಚಿ, ನೆಚ್ಚಿಕೆಯ ಇಂಟರ್‌ನೆಟ್, ವಾರಕ್ಕೂ ತಿಂಗಳಿಗೂ ಬೇರೆ ದರ. ಉಳಿದ ಕೋಣೆಗಳು ಕುಟುಂಬಗಳಿಗೆ. ಮೆಟ್ಟಿಲಿಗೆ ಕಂಬಿ, ಬೇಗ ಬಂದವರಿಗೆ ನೆರಳಿನ ಜಗಲಿ, ಒಳಗೆ ಬರುವ ಮುನ್ನ ಕಾಲಿನ ಮರಳು ತೊಳೆಯಲು ನಲ್ಲಿ. ಯಾವುದಕ್ಕೂ ಬ್ಯಾಂಕ್ ಸಾಲ ಬೇಕಾಗಲಿಲ್ಲ. ಭಾನುವಾರಕ್ಕೆ ಕೆಲಸಕ್ಕೊಬ್ಬರು ಬೇಕು ಎಂಬುದನ್ನು ಮಾತ್ರ ನಾನು ಸಲಹೆಯಾಗಿ ಅಲ್ಲ, ಷರತ್ತಿನಂತೆ ಹೇಳಿದೆ.

ರಾತ್ರಿ ಎರಡರ ಫೋನಿನ ಗುಟ್ಟೂ ತಿಳಿಯಿತು. ಯಾರೋ ಎರಡು ಸ್ಟಾರ್ ಕೊಟ್ಟು "ಜಾಗ ಚೆನ್ನಾಗಿದೆ, ಮಾಲೀಕರು ನಗುವುದಿಲ್ಲ" ಎಂದು ಬರೆದಿದ್ದರು. ಅದನ್ನು ನೂರಾರು ಸಲ ಓದಿದ್ದಾರೆ. ಫೋನ್ ಮಲಗುವ ಕೋಣೆಯಿಂದ ಹೊರಗಿರಲಿ, ವಿಮರ್ಶೆಗಳನ್ನು ಮಗಳು ಓದಿ ವಾರಕ್ಕೊಮ್ಮೆ ಹಗಲು ಹೊತ್ತಿನಲ್ಲಿ ಹೇಳಲಿ, ಉತ್ತರ ಬರೆಯುವುದಿದ್ದರೆ ಒಂದು ದಿನ ಬಿಟ್ಟು ಬರೆಯಿರಿ ಎಂದು ಹೇಳಿದೆ. ಅಪ್ಪ ಮಗಳ ನಡುವೆ ಮತ್ತೆ ಮಾತು ಕೂಡಿದ್ದು ಈ ವಾರದ ಹತ್ತು ನಿಮಿಷದಿಂದಲೇ ಎಂದು ನನಗೆ ಅನ್ನಿಸುತ್ತದೆ.

ಎಲ್ಲವೂ ನೆಟ್ಟಗಾಗಿಲ್ಲ. ಕೆಲಸದ ಮೇಜಿನ ಎರಡು ಕೋಣೆಗಳಲ್ಲಿ ಒಂದು ತುಂಬಿದೆ, ಇನ್ನೊಂದು ಬಹುಪಾಲು ಖಾಲಿ. ಪಕ್ಕದವರ ಸ್ಪೀಕರಿನ ಜಗಳ ಬಗೆಹರಿದಿಲ್ಲ. ನಿದ್ದೆ ಸುಧಾರಿಸಿದೆ, ಪ್ರಶ್ನಾವಳಿಯ ಅಂಕ ಸೌಮ್ಯ ಮಟ್ಟಕ್ಕೆ ಇಳಿದಿದೆ. ಪತ್ರಕ್ಕೆ ಉತ್ತರ ಬಂತು. ಬರೆದವಳು ಆ ದಂಪತಿಯ ಮಗಳು. ತಂದೆ ಹಿಂದಿನ ವರ್ಷವೇ ತೀರಿಕೊಂಡಿದ್ದರು, ತಾಯಿ ವೃದ್ಧಾಶ್ರಮದಲ್ಲಿದ್ದಾರೆ. ಪತ್ರವನ್ನು ಅವರಿಗೆ ಓದಿ ಹೇಳಿದಳಂತೆ. ಯಜಮಾನರು ಅದನ್ನು ಭೇಟಿಗೆ ತಂದಿದ್ದರು. ಓದಿ ಮುಗಿಸಿ ಮಡಚಿ, ಜೇಬಿಗೆ ಇಟ್ಟುಕೊಂಡರು. ಆ ವಾರಾಂತ್ಯ ಮೂರನೇ ಕೋಣೆಯನ್ನು ಅಜ್ಜಿ ಇದ್ದ ಕುಟುಂಬಕ್ಕೆ ಕೊಟ್ಟರು. ಊರುಗೋಲನ್ನು ಮಾತ್ರ ತಮ್ಮ ಕೋಣೆಗೆ ತಂದಿಟ್ಟುಕೊಂಡಿದ್ದಾರೆ.

ಮುಂದಿನ ಭೇಟಿ ಹೆಂಡತಿಯದು. ಒಬ್ಬರೇ ಬರುತ್ತಾರೆ. ಏನು ಮಾತಾಡಬೇಕೆಂದು ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡಿದ್ದೇನೆ ಎಂದು ಫೋನಿನಲ್ಲಿ ಹೇಳಿದರು. ಒಂದು ಗಂಟೆಯ ಬದಲು ಒಂದೂವರೆ ಗಂಟೆ ತೆಗೆದಿಟ್ಟಿದ್ದೇನೆ.