ಎಮ್ಯುಲೇಟ್ ಅಂದರೆ ಬರೀ ಅನುಕರಣೆಯೇ?

ಇಂಗ್ಲಿಷಿನಲ್ಲಿ ‘ಇಮಿಟೇಟ್’ (imitate) ಇರುವಾಗ ‘ಎಮ್ಯುಲೇಟ್’ (emulate) ಯಾಕೆ ಬೇಕು, ಎರಡಕ್ಕೂ ‘ಅನುಕರಿಸು’ ಎಂದೇ ಅರ್ಥ ಕೊಟ್ಟಿರುತ್ತಾರಲ್ಲ, ಈ ಪದ ಬಂದದ್ದಾದರೂ ಎಲ್ಲಿಂದ ಎಂದು ಕೇಳಿದ್ದೀರಿ. ಗೊಂದಲ ಹುಟ್ಟುವುದೇ ಆ ‘ಅನುಕರಿಸು’ವಿನಿಂದ. ಎಮ್ಯುಲೇಟ್‌ನ ಹೊಟ್ಟೆಯೊಳಗೆ ಪೈಪೋಟಿ ಇದೆ. ಒಬ್ಬರನ್ನು ಮೇಲ್ಪಂಕ್ತಿಯಾಗಿ ಇಟ್ಟುಕೊಂಡು ಅವರ ಮಟ್ಟಕ್ಕೇರಲು, ಸಾಧ್ಯವಾದರೆ ಅವರನ್ನೂ ಮೀರಿಸಲು ಪ್ರಯತ್ನಪಡುವುದು ಅದರ ಅರ್ಥ. ಇಮಿಟೇಟ್‌ನಲ್ಲಿ ಆ ಹಟ ಇಲ್ಲ. ನೋಡಿದ್ದನ್ನು ಹಾಗೆಯೇ ಮಾಡಿದರೆ ಮುಗಿಯಿತು.

ಮೂಲ ಲ್ಯಾಟಿನ್. ‘ಐಮುಲುಸ್’ ಎಂದರೆ ಎದುರಾಳಿ, ಇನ್ನೊಬ್ಬನಿಗೆ ಸರಿಸಾಟಿಯಾಗಲು ಹೆಣಗುವವನು. ಅದರಿಂದ ‘ಐಮುಲಾರಿ’ ಎಂಬ ಕ್ರಿಯಾಪದ. ಇಮಿಟೇಟ್ ಹುಟ್ಟಿದ ‘ಇಮಿತಾರಿ’, ಇಮೇಜ್ ಹುಟ್ಟಿದ ‘ಇಮಾಗೊ’ ಕೂಡ ಇದೇ ಬೇರಿನವು ಎಂಬುದು ಸಾಮಾನ್ಯ ಅಭಿಪ್ರಾಯ. ಅಂದರೆ ಎರಡೂ ದಾಯಾದಿಗಳೇ, ಸ್ವಭಾವ ಮಾತ್ರ ಬೇರೆ.

ಈ ಪದಕ್ಕೆ ಮೊದಲಿನಿಂದಲೂ ಎರಡು ಮುಖ. ಕ್ರಿ.ಪೂ. 1ನೇ ಶತಮಾನದಲ್ಲೇ ರೋಮಿನ ವಾಗ್ಮಿ ಸಿಸೆರೊ ಇದನ್ನು ಬಿಡಿಸಿ ಹೇಳಿದ್ದಾನೆ: ಸದ್ಗುಣವನ್ನು ಅನುಸರಿಸುವುದಾದರೆ ‘ಐಮುಲಾತಿಯೊ’ ಹೊಗಳಿಕೆಯ ಮಾತು, ತನಗೆ ಬೇಕಾದದ್ದು ಇನ್ನೊಬ್ಬನ ಪಾಲಾಯಿತಲ್ಲ ಎಂದು ಕುದಿಯುವುದಾದರೆ ಅದೇ ಪದ ದೋಷದ ಹೆಸರು. ಮುಂದಿನ ಶತಮಾನದ ಭಾಷಣಕಲೆಯ ಮೇಷ್ಟ್ರು ಕ್ವಿಂಟಿಲಿಯನ್, ಅನುಕರಣೆಯೊಂದೇ ಸಾಲದು, ಹಿಂಬಾಲಿಸುವವನು ಸದಾ ಹಿಂದೆಯೇ ಉಳಿಯುತ್ತಾನೆ ಎಂದ. ಇಮಿಟೇಟ್‌ಗೂ ಎಮ್ಯುಲೇಟ್‌ಗೂ ಇರುವ ಅಂತರವನ್ನು ಇದಕ್ಕಿಂತ ಚೆನ್ನಾಗಿ ಹೇಳುವುದು ನನಗಂತೂ ಕಷ್ಟ.

ಇಂಗ್ಲಿಷಿಗೆ ಇದು ಬಂದದ್ದು 16ನೇ ಶತಮಾನದ ಉತ್ತರಾರ್ಧದಲ್ಲಿ, ಎರಡೂ ಮುಖಗಳನ್ನು ಹೊತ್ತುಕೊಂಡೇ. ಶೇಕ್ಸ್‌ಪಿಯರ್‌ನ ಜೂಲಿಯಸ್ ಸೀಸರ್ ನಾಟಕದಲ್ಲಿ ‘ಎಮ್ಯುಲೇಶನ್’ ಎಂದರೆ ಸದ್ಗುಣವನ್ನು ಕಚ್ಚುವ ಹೊಟ್ಟೆಕಿಚ್ಚು. 1611ರ ಕಿಂಗ್ ಜೇಮ್ಸ್ ಬೈಬಲ್‌ನಲ್ಲಿ, ಗಲಾತ್ಯದವರಿಗೆ ಬರೆದ ಪತ್ರದ 5ನೇ ಅಧ್ಯಾಯದಲ್ಲಿ, ದ್ವೇಷ, ಕೋಪ, ಜಗಳಗಳ ಸಾಲಿನಲ್ಲೇ ‘ಎಮ್ಯುಲೇಶನ್ಸ್’ ಕೂತಿದೆ. ಹೊಸ ಅನುವಾದಗಳು ಅಲ್ಲಿ ‘ಜೆಲಸಿ’ ಎಂದು ಬದಲಿಸಿಕೊಂಡಿವೆ, ಏಕೆಂದರೆ ಕೆಟ್ಟ ಅರ್ಥ ಈಗ ಬಳಕೆಯಿಂದ ಹೆಚ್ಚುಕಡಿಮೆ ಅಳಿದುಹೋಗಿದೆ. ಹಳೆಯ ಪಠ್ಯ ಓದುವಾಗ ಮಾತ್ರ ಎಚ್ಚರ ಬೇಕು.

ಒಂದು ಯಂತ್ರಕ್ಕೆ ಬರೆದ ಪ್ರೋಗ್ರಾಂಗಳನ್ನು ಇನ್ನೊಂದರಲ್ಲಿ ಓಡಿಸಿಕೊಡುವ ಕಂಪ್ಯೂಟರಿನ ‘ಎಮ್ಯುಲೇಟರ್’ ಇದರದೇ ಕವಲು. 1964ರಲ್ಲಿ ಐಬಿಎಂ ಘೋಷಿಸಿದ ಸಿಸ್ಟಂ/360 ಸರಣಿಯ ಕೆಲವು ಯಂತ್ರಗಳು ಅದೇ ಕಂಪನಿಯ ಹಿಂದಿನ 1401 ಎಂಬ ಕಂಪ್ಯೂಟರಿಗೆ ಬರೆದ ಪ್ರೋಗ್ರಾಂಗಳನ್ನು ಓಡಿಸಬೇಕಿತ್ತು. ಬರೀ ಸಾಫ್ಟ್‌ವೇರಿನಿಂದ ನಟಿಸಿದರೆ ತೀರಾ ನಿಧಾನ. ಹಾಗಾಗಿ ಮೈಕ್ರೋಕೋಡ್‌ನ (ಯಂತ್ರದೊಳಗೇ ಕೂರಿಸಿದ ಸೂಕ್ಷ್ಮ ಆದೇಶಗಳ) ನೆರವು ಕೊಟ್ಟರು. ಈ ವಿಧಾನವನ್ನು ‘ಸಿಮ್ಯುಲೇಶನ್‌’ನಿಂದ ಬೇರೆ ಮಾಡಿ ತೋರಿಸಲು ‘ಎಮ್ಯುಲೇಶನ್’ ಎಂದರು. ಇಲ್ಲಿ ಹೊಟ್ಟೆಕಿಚ್ಚಿಲ್ಲ, ಆದರೆ ಸರಿಗಟ್ಟುವ ಅರ್ಥ ಉಳಿದಿದೆ: ಹಳೆಯ ಯಂತ್ರದ ಕೆಲಸವನ್ನು ಹೊಸದು ನಿಜವಾಗಿ ಮಾಡಿಕೊಡಬೇಕು.

ಬಳಸುವಾಗ ಜನ ಎಡವುವುದು ಹೆಚ್ಚಾಗಿ ವಿಭಕ್ತಿಯಲ್ಲಿ. ಕನ್ನಡದಲ್ಲಿ ‘ಅವರಂತೆ ಆಗಲು’, ‘ಅವರಿಗೆ ಸರಿಸಾಟಿಯಾಗಲು’ ಎನ್ನುತ್ತೇವೆ, ಆ ಅಭ್ಯಾಸದಲ್ಲಿ ‘ಎಮ್ಯುಲೇಟ್ ಲೈಕ್ ಹರ್’, ‘ಎಮ್ಯುಲೇಟ್ ಟು ಹರ್’ ಎಂದು ಬರೆದುಬಿಡುತ್ತೇವೆ. ಎರಡೂ ತಪ್ಪು. ಇದು ಸಕರ್ಮಕ, ಕರ್ಮ ನೇರವಾಗಿ ಹಿಂದೆಯೇ ಬರಬೇಕು: ‘ಶಿ ಟ್ರೈಡ್ ಟು ಎಮ್ಯುಲೇಟ್ ಹರ್ ಟೀಚರ್’. ಕರ್ಮವಾಗಿ ವ್ಯಕ್ತಿ, ಯಶಸ್ಸು, ಸಾಧನೆ, ಶೈಲಿ ಎಲ್ಲವೂ ನಡೆಯುತ್ತವೆ. ಯಾರದೋ ನಡಿಗೆಯನ್ನೋ ತೊದಲನ್ನೋ ಅಣಕಿಸಿದರೆ ಅದು ಎಮ್ಯುಲೇಟ್ ಅಲ್ಲ, ‘ಮಿಮಿಕ್’. ಬುದ್ಧಿ ಉಪಯೋಗಿಸದೆ ಕುರುಡಾಗಿ ನಕಲು ಮಾಡಿದರೆ ‘ಏಪ್’.

ಕ್ರೀಡಾ ವರದಿಗಳಲ್ಲಿ ಇನ್ನೊಂದು ಛಾಯೆ ಸಿಗುತ್ತದೆ. ‘ಹಿ ಎಮ್ಯುಲೇಟೆಡ್ ಹಿಸ್ ಫಾದರ್ ಬೈ ವಿನ್ನಿಂಗ್ ದ ಟೈಟಲ್’ ಎಂದರೆ ಅಪ್ಪ ಗೆದ್ದ ಪ್ರಶಸ್ತಿಯನ್ನು ಮಗನೂ ಗೆದ್ದ ಎಂದರ್ಥ. ಅಲ್ಲಿ ಪ್ರಯತ್ನವಲ್ಲ, ಫಲವೇ ಸಿಕ್ಕಿದೆ. ‘ಅನುಕರಿಸಿದ’ ಎಂದು ಅನುವಾದಿಸಿದರೆ ವಾಕ್ಯ ಕೆಟ್ಟಿತು, ‘ಸರಿಗಟ್ಟಿದ’ ಎನ್ನಬೇಕು.

ಉಚ್ಚಾರದಲ್ಲಿ ಒತ್ತು ಮೊದಲ ‘ಎಮ್’ ಮೇಲೆ ಬೀಳುತ್ತದೆ. ‘ಇಮೊಲೇಟ್’ (immolate) ಬೇರೆಯೇ ಪದ, ಅದಕ್ಕೆ ಬಲಿಕೊಡು ಎಂದರ್ಥ. ಬರೆಯುವ ಅವಸರದಲ್ಲಿ ಮೊದಲ ಇಂಗ್ಲಿಷ್ ಅಕ್ಷರ ‘ಇ’ (e) ಬದಲು ‘ಐ’ (i) ಆಗಿ, ‘ಎಂ’ (m) ಎರಡಾಗಿ, ‘ಯು’ (u) ಜಾಗದಲ್ಲಿ ‘ಓ’ (o) ಬಿದ್ದರೆ ವಾಕ್ಯ ಅತ್ತ ವಾಲಿಬಿಡುತ್ತದೆ.