ದೂರದ ನೆಂಟರ ಮಗನೆಂದರೆ ಸಾಕೇ?

ಪ್ರಶ್ನೆ: ನಮ್ಮ ಬೀದಿಯ ರೇಷ್ಮೆ ನೂಲು ಬಿಚ್ಚಾಣಿಕೆ ಘಟಕವೊಂದರಲ್ಲಿ 13 ವರ್ಷದ ಹುಡುಗನೊಬ್ಬ ದಿನದ ಶಾಲೆ ಮುಗಿದ ಮೇಲೆ ದುಡಿಯುತ್ತಾನೆ. ಗೂಡು ಬೇಯಿಸಿದ ಬಿಸಿನೀರಿನಲ್ಲಿ ಕೈಯಾಡಿಸಿ ಅವನ ಬೆರಳ ತುದಿಗಳು ಬಿಳಿಚಿ ಸುಲಿದಿವೆ. ‘ದೂರದ ನೆಂಟರ ಮಗ, ಕಾನೂನಿನಲ್ಲೇ ಅವಕಾಶವಿದೆ’ ಎನ್ನುತ್ತಾರೆ ಮಾಲೀಕರು. ನಿಜವೇ?
– ಓದುಗರೊಬ್ಬರು, ಶಿಡ್ಲಘಟ್ಟ, ಚಿಕ್ಕಬಳ್ಳಾಪುರ ಜಿಲ್ಲೆ

ಉತ್ತರ: ನಿಜವಲ್ಲ. 1986ರ ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ಆದ ತಿದ್ದುಪಡಿಯು 14 ವರ್ಷ ತುಂಬದ ಮಕ್ಕಳನ್ನು ಯಾವ ಕೆಲಸಕ್ಕೂ ಇಟ್ಟುಕೊಳ್ಳಬಾರದೆಂದು ವಿಧಿಸಿ, ಶಾಲೆಯ ಅವಧಿಯ ನಂತರ ಇಲ್ಲವೇ ರಜೆಯಲ್ಲಿ, ಕುಟುಂಬದವರ ಅಪಾಯಕಾರಿಯಲ್ಲದ ಉದ್ಯಮದಲ್ಲಿ ನೆರವಾಗುವುದಕ್ಕೆ ಮಾತ್ರ (ಬಾಲ ಕಲಾವಿದರ ಮಾತು ಬೇರೆ) ವಿನಾಯಿತಿ ನೀಡಿದೆ. ಇಲ್ಲಿ ಕುಟುಂಬವೆಂದರೆ ತಂದೆ, ತಾಯಿ, ಒಡಹುಟ್ಟಿದವರು ಹಾಗೂ ತಂದೆತಾಯಿಯರ ಒಡಹುಟ್ಟಿದವರು ಅಷ್ಟೇ. ದೂರದ ನೆಂಟರು ಅದರೊಳಗೆ ಬರುವುದಿಲ್ಲ. ಮಾಲೀಕರು ಹುಡುಗನ ಸೋದರಮಾವನೇ ಆಗಿದ್ದರೆ ಇಷ್ಟು ಖಡಾಖಂಡಿತವಾಗಿ ಉತ್ತರಿಸಲು ನನಗೆ ಆಗುತ್ತಿರಲಿಲ್ಲ. ಕಾಯ್ದೆಯನ್ನು ಬಿಗಿಗೊಳಿಸಬೇಕಾದದ್ದು ಮೊದಲು ಇಲ್ಲಿಯೇ ಎಂಬುದು ನನ್ನ ಅಭಿಪ್ರಾಯ. ತಪ್ಪು ಸಾಬೀತಾದರೆ ಮಾಲೀಕರಿಗೆ 6 ತಿಂಗಳಿಂದ 2 ವರ್ಷದವರೆಗೆ ಸೆರೆವಾಸ, ಇಲ್ಲವೇ 20,000ದಿಂದ 50,000 ರೂಪಾಯಿವರೆಗೆ ದಂಡ, ಅಥವಾ ಎರಡನ್ನೂ ವಿಧಿಸಬಹುದು. ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ, ಇಲ್ಲವೇ ಕಾರ್ಮಿಕ ನಿರೀಕ್ಷಕರಿಗೆ ತಿಳಿಸಿ. ಹುಡುಗ ಕೆಲಸಕ್ಕೆ ಬರುವ ಹೊತ್ತನ್ನು ಮರೆಯದೆ ಹೇಳಿ.