ಕಮ್ಮಿ ರೇಟಿನ ಪುಟ್ಟ ಟ್ರಾವೆಲ್ ಎಲೆಕ್ಟ್ರಿಕ್ ಗಿಟಾರ್ ತಗೋಬಹುದಾ?

ತಗೋಬಹುದು, ಆದ್ರೆ ಎರಡನೇ ಗಿಟಾರ್ ಆಗಿ. ಬಸ್ಸಲ್ಲಿ ತೊಡೆ ಮೇಲೇ ಇಟ್ಕೋಬಹುದು, ಹೆಡ್‌ಫೋನ್ ಆಂಪ್ ಹಾಕ್ಕೊಂಡ್ರೆ ಪಿಜಿ ರೂಮ್‌ಮೇಟ್ ನಿದ್ದೆನೂ ಕೆಡಲ್ಲ. ತೊಂದ್ರೆ ಇರೋದು ಸ್ಕೇಲ್ ಉದ್ದದಲ್ಲಿ, ಅಂದ್ರೆ ತಂತಿಯ ನುಡಿಯೋ ಭಾಗದ ಉದ್ದದಲ್ಲಿ. ಮಾಮೂಲಿ ಪೂರ್ತಿ ಸೈಜಿನ ಸ್ಟ್ರಾಟ್ (ಫೆಂಡರ್ ಸ್ಟ್ರಾಟೋಕಾಸ್ಟರ್) ಗಿಟಾರ್ 25.5 ಇಂಚಾದ್ರೆ ಐಬನೆಜ್ ಮೈಕ್ರೋ ಅನ್ನೋ ಪುಟ್ಟ ಗಿಟಾರ್ 22.2 ಇಂಚು, ಅದೇ ಟ್ಯೂನಿಂಗಿಗೆ ತಂತಿ ಸಡಿಲ ಇರತ್ತೆ, ಕಾರ್ಡ್ ಸ್ವಲ್ಪ ಜೋರಾಗಿ ಒತ್ತಿದ್ರೂ ಶ್ರುತಿ ಮೇಲಕ್ಕೆ ಹೋಗತ್ತೆ, ಸ್ವಲ್ಪ ದಪ್ಪ ತಂತಿಗಳ 11ರ ಸೆಟ್ (ಅತಿ ತೆಳು ತಂತಿ 0.011 ಇಂಚು) ಹಾಕಿದ್ರೆ ಎಷ್ಟೋ ವಾಸಿ. ಬಾಡಿ ಕಡೆಯ ಫ್ರೆಟ್‌ಗಳು (ಬೆರಳಿಡೋ ಮನೆಗಳು) ದಪ್ಪ ಬೆರಳಿನವರಿಗೆ ಇಕ್ಕಟ್ಟು. ಹೆಡ್‌ಲೆಸ್, ಅಂದ್ರೆ ಕತ್ತಿನ ತುದಿಯಲ್ಲಿ ತಲೆ ಇಲ್ಲದ ಗಿಟಾರ್ ಆದ್ರೆ ಪೂರ್ತಿ ಸ್ಕೇಲ್ ಸಿಗಬಹುದು, ಆದ್ರೆ ಕೆಲವಕ್ಕೆ ಎರಡೂ ತುದಿಯಲ್ಲಿ ಗುಂಡು ಇರೋ ಡಬಲ್ ಬಾಲ್ ತಂತಿನೇ ಬೇಕು, ಸಣ್ಣ ಊರಲ್ಲಿ ಅದನ್ನ ಹುಡುಕೋದೇ ತಲೆನೋವು. ಅಂದಹಾಗೆ ಫ್ಲೈಟ್‌ಗೆ ಅಂತ ತಗೊಳ್ತಿದ್ರೆ, 22.2 ಇಂಚು ಅಂದ್ರೆ ಬರೀ ಸ್ಕೇಲೇ 56 ಸೆಂಟಿಮೀಟರ್, ಕ್ಯಾಬಿನ್ ಬ್ಯಾಗಿಗೆ ನಮ್ಮಲ್ಲಿ ಸಾಮಾನ್ಯವಾಗಿ 55ರ ಮಿತಿ, ಮೊದ್ಲೇ ಏರ್‌ಲೈನ್‌ನವರನ್ನ ಕೇಳ್ಕೊಳ್ಳಿ.